ಕುಶನಕ್ಕನಿಗೆ ವಯಸ್ಸಾದದ್ದು

"ಅಕ್ಕ, ಈ ಗೋಡೆ ಒಳಗೆ ಕಬ್ಬಿಣ ಏನಾದ್ರೂ ಇದೆಯಾ, ಬರೀ ಇಟ್ಟಿಗೆನಾ?"

ಪಕ್ಕದ ಹಾಸಿಗೆ ಅಂಗಡಿಯವನು ಅಳತೆ ಟೇಪನ್ನು ಗೋಡೆಗೆ ಒತ್ತಿ ಹಿಡಿದು ಕೇಳಿದ. ಗಾಡಿಗಳ ಸೀಟು ಹೊಲಿಯುವ ಕುಶನಕ್ಕನ ಗಮನ ಅಲ್ಲಿರಲಿಲ್ಲ. ಮೇಜಿನ ಮೇಲೆ ಹರಡಿದ್ದ ಕಂದು ರೆಕ್ಸಿನ್ನಿನ ಮೇಲೆ ಸೀಮೆಸುಣ್ಣದ ಗೆರೆ ಹಿಡಿದು ಕತ್ತರಿ ಓಡಿಸುತ್ತಿದ್ದವಳ ಹೆಬ್ಬೆರಳು, ಅದರ ಪಕ್ಕದ ಎರಡು ಬೆರಳು ಇದ್ದಕ್ಕಿದ್ದಂತೆ ಯಾರದೋ ಬೆರಳುಗಳಾಗಿಬಿಟ್ಟಿದ್ದವು. ಕತ್ತರಿ ಮೇಜಿಗೆ ಬಡಿದು, ಅಲ್ಲಿಂದ ನೆಲಕ್ಕೆ ಬಿತ್ತು.

ಮೂಲೆಯಲ್ಲಿ ಸೀಟಿನ ಮರದ ಚೌಕಟ್ಟಿಗೆ ಪಟ್ಟಿ ಬಡಿಯುತ್ತಿದ್ದ ಮೊಳೆರಾಯ ಎದ್ದು ಬಂದು ಕತ್ತರಿಗೆ ಕೈ ಚಾಚಿದ.

"ಮುಟ್ಟಬೇಡ!" ಎಂದು ಕುಶನಕ್ಕ ಅಬ್ಬರಿಸಿದಳು. "ನನ್ನ ಕತ್ತರಿ ನನ್ನ ಸೂಜಿ ಮುಟ್ಟಿದ್ರೆ ಕೈ ಮುರೀತೀನಿ ಅಂತ ಎಷ್ಟು ಸಲ ಹೇಳಬೇಕೋ ನಿನಗೆ?"

ಮೊಳೆರಾಯ "ಮ್ಮ್" ಅಂದ. ಅವನ ಬಾಯಲ್ಲಿ ಯಾವಾಗಲೂ ಒಂದು ಹಿಡಿ ಸಣ್ಣ ಮೊಳೆ. ಒಂದೊಂದನ್ನೇ ತುಟಿಯ ತುದಿಗೆ ತಂದು, ಅಲ್ಲಿಂದ ತೆಗೆದು ಬಡಿಯುವುದು ಹಳೆ ಕಾಲದ ಕುಶನ್ ಕೆಲಸದವರ ಪದ್ಧತಿ. ಹೀಗಾಗಿ ಅವನ ಮಾತೆಲ್ಲ "ಮ್ಮ್" ಮತ್ತು "ಮ್ಮ್‌ಮ್ಮ್". ಮೊದಲನೆಯದಕ್ಕೆ ಹೌದು ಅಂತ, ಎರಡನೆಯದಕ್ಕೆ ಅಲ್ಲ ಅಂತ ಅರ್ಥ. ಬೀದಿಯವರು ಇಟ್ಟ ಹೆಸರೇ ಅವನ ಹೆಸರಾಗಿ ಎಷ್ಟೋ ವರ್ಷವಾಗಿತ್ತು.

ಅವಳು ಮಂಡಿ ಹಿಡಿದುಕೊಂಡು ಬಗ್ಗಿ ಕತ್ತರಿ ಎತ್ತಿಕೊಂಡಳು. ಕತ್ತರಿಸಿದ ತುಂಡನ್ನು ಬೆಳಕಿಗೆ ಹಿಡಿದು ನೋಡಿದರೆ ಇನ್ನೊಂದು ಆಘಾತ. ಎಡಗಡೆ ಸೀಟಿಗೆ ಬೇಕಾದ ತುಂಡು ಬಲಗಡೆಯದಾಗಿತ್ತು. ರೆಕ್ಸಿನ್ನಿನ ಬೆನ್ನಿನ ಮೇಲೆ ಗೆರೆ ಎಳೆಯಬೇಕಾದ ಕಡೆ ಮುಖದ ಮೇಲೆ ಎಳೆದಿದ್ದಳು. ಕೆಲಸಕ್ಕೆ ಸೇರಿದ ಮೊದಲ ವಾರದ ಹುಡುಗರು ಮಾಡುವ ತಪ್ಪು. ಯಾವುದು ಬೆನ್ನು ಯಾವುದು ಮುಖ ಅಂತ ಕಣ್ಣಿಗೆ ಕಂಡಿರಲಿಲ್ಲ. ಕೆಲವು ತಿಂಗಳಿಂದ ಬೆಳಕಿಗೆ ಹಿಡಿದದ್ದೆಲ್ಲ ಹಾಲು ಚೆಲ್ಲಿದ ಹಾಗೆ ಕಾಣುತ್ತಿತ್ತು.

"ಬರೀ ಇಟ್ಟಿಗೆ ಕಣಯ್ಯ," ಅಂದಳು ಹಾಸಿಗೆಯವನಿಗೆ. "ಒಡೆಯೋದಾದ್ರೆ ಬೇಗ ಒಡಿ. ಮುಂದಿನ ವಾರದಿಂದ ಈ ಅಂಗಡಿ ನಿನ್ನದು ಅಂದಿದ್ದೀನಲ್ಲ. ನನ್ನ ಮಾತೇ ಪತ್ರ."

"ನಿಮ್ಮ ಮಾತಿನ ಮೇಲೆ ಅನುಮಾನಾನಾ ಅಕ್ಕ? ಆದ್ರೂ ನೀವು ಇಷ್ಟು ಬೇಗ ಕೈ ಬಿಡ್ತೀರಿ ಅಂತ ನಾನು ಅಂದ್ಕೊಂಡಿರಲಿಲ್ಲ. ಯಾಕೆ ಅಂತ ಕೇಳಿದ್ರೆ ಬೈತೀರಿ."

"ಗೊತ್ತಿದ್ದ ಮೇಲೆ ಕೇಳಬೇಡ."

ಮೂಲೆಯಲ್ಲಿ ಸುತ್ತಿಗೆಯ ಏಟು ಒಂದು ಸ್ವಲ್ಪ ಜೋರಾಗಿಯೇ ಬಿತ್ತು.

ಯಾಕೆ ಅನ್ನುವುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಅವಳ ಪ್ರಕಾರ 'ಅದು' ಕೊನೆಗೂ ತಲೆ ಎತ್ತಿತ್ತು.

ಅದು ಅಂದರೆ ಎಚ್‌ಐವಿ. ಗಂಡ ಲಾರಿಗಳ ಸೀಟು ಹೊಲಿಯುತ್ತ ಊರೂರು ಸುತ್ತಿದವನು. ಮಗಳು ಇನ್ನೂ ಸರಿಯಾಗಿ ಮಾತು ಕಲಿಯುವ ಮೊದಲೇ ಒಣಗಿದ ಕಡ್ಡಿಯ ಹಾಗಾಗಿ ಸತ್ತುಹೋದ. ಹೋಗುವಾಗ ಈ ಅಂಗಡಿಯನ್ನೂ, ಕೆಲಸಕ್ಕಿದ್ದ ಮೊಳೆರಾಯನನ್ನೂ, ಆ ಕಾಯಿಲೆಯನ್ನೂ ಹೆಂಡತಿಗೆ ಬಿಟ್ಟುಹೋದ. ಪುಣ್ಯಕ್ಕೆ ಮಗಳ ರಕ್ತದಲ್ಲಿ ಏನೂ ಇರಲಿಲ್ಲ. ಆಗಿನ ಕಾಲ ಬೇರೆ. ಆಸ್ಪತ್ರೆಯಲ್ಲಿ ಆ ಹೆಸರು ಹೇಳುವಾಗ ನರ್ಸು ಬಾಗಿಲ ಹೊರಗೆ ನಿಂತುಕೊಂಡೇ ಹೇಳಿದ್ದಳು. ಎಷ್ಟು ವರ್ಷ ಬದುಕಬಹುದು ಅಂತ ಕೇಳಿದ್ದಕ್ಕೆ ಯಾರೂ ನೇರ ಉತ್ತರ ಕೊಟ್ಟಿರಲಿಲ್ಲ. ಉತ್ತರ ಕೊಡದೆ ಇದ್ದದ್ದೇ ಉತ್ತರ.

ಆವತ್ತು ಅವಳು ಒಂದು ಬೇಡಿಕೆ ಇಟ್ಟಳು. ದೇವರಿಗೋ ಡಾಕ್ಟರಿಗೋ ಯಾರಿಗೆ ಅಂತ ಅವಳಿಗೂ ಗೊತ್ತಿರಲಿಲ್ಲ. ಮಗಳು ಶಾಲೆಗೆ ಸೇರುವವರೆಗೆ ಇದ್ದರೆ ಸಾಕು ಅಂದಳು. ಮಗಳು ಶಾಲೆಗೆ ಸೇರಿದಳು. ಅಷ್ಟರಲ್ಲಿ ಮಾತ್ರೆ ಬಂತು. ಮೊದಮೊದಲು ಹಿಡಿ ಹಿಡಿ ಮಾತ್ರೆ. ಅದನ್ನು ನುಂಗಿದರೆ ಹೊಟ್ಟೆ ತೊಳೆಸುತ್ತಿತ್ತು, ರಾತ್ರಿಯೆಲ್ಲ ಹುಚ್ಚು ಕನಸು. ಆದರೂ ಮೈ ತುಂಬಿಕೊಂಡಿತು. ಅವಳು ನಾಚಿಕೆಯಿಂದಲೇ ಇನ್ನೊಂದು ಕಂತು ಕೇಳಿದಳು. ಮಗಳು ದೊಡ್ಡವಳಾಗುವವರೆಗೆ. ಅದೂ ಸಿಕ್ಕಿತು. ಆಮೇಲೆ ಮಗಳ ಓದು, ಮದುವೆ. ಮದುವೆಯ ದಿನ ಮಗಳನ್ನು ಕಳಿಸಿಕೊಟ್ಟು ಬಂದು ಖಾಲಿ ಮನೆಯಲ್ಲಿ ಕೂತಾಗ, ಇನ್ನು ಕೇಳಬಾರದು ಅನ್ನಿಸಿತು. ಕೇಳಿದ್ದನ್ನೆಲ್ಲ ಕೊಟ್ಟವರ ಹತ್ತಿರ ಮತ್ತೂ ಕೈ ಚಾಚಿದರೆ ಆಸೆಬುರುಕಿ ಅನ್ನುವುದಿಲ್ಲವೆ?

ಅಲ್ಲಿಂದ ಈಚೆಗೆ ಅವಳು ಬದುಕಿದ್ದೆಲ್ಲ ಕೊಸರು. ಅಂಗಡಿಯವನು ತೂಕ ಮುಗಿದ ಮೇಲೆ ಮೇಲಿಂದ ಹಾಕುತ್ತಾನಲ್ಲ, ಅದು. ಕೊಸರನ್ನು ಯಾರೂ ಇಷ್ಟು ಕೊಡು ಅಂತ ಕೇಳುವ ಹಾಗಿಲ್ಲ. ಹೀಗಿರುವಾಗ ಬೆರಳು ಜೋಮು ಹಿಡಿಯತೊಡಗಿತು. ಬೆಳಗಿನ ಜಾವ ಕೈ ಉರಿದು ಎಚ್ಚರವಾಗುತ್ತಿತ್ತು. ಕೊಡವಿದರೆ ಒಂದಿಷ್ಟು ಸರಿಹೋಗುತ್ತಿತ್ತು. ಕಣ್ಣು ಮಂಜಾಯಿತು. ಮಂಡಿ ನೆಲಕ್ಕೆ ಊರಿದರೆ ಏಳುವುದಿಲ್ಲ ಅನ್ನುತ್ತಿತ್ತು. ಗಂಡನಿಗೂ ಕೊನೆಕೊನೆಗೆ ಕಣ್ಣು ಕಾಣುತ್ತಿರಲಿಲ್ಲ, ಕೈಯಲ್ಲಿ ಲೋಟ ನಿಲ್ಲುತ್ತಿರಲಿಲ್ಲ. ಇನ್ನು ಅನುಮಾನವೇನು?

ಆಸ್ಪತ್ರೆಗೆ ಹೋಗುವುದನ್ನು ಮಾತ್ರ ಅವಳು ತಪ್ಪಿಸಿರಲಿಲ್ಲ. ಆದರೆ ಹೋಗಿ ರಕ್ತ ಕೊಟ್ಟು, ಔಷಧಿ ಕಿಟಕಿಯಲ್ಲಿ ಮಾತ್ರೆ ಡಬ್ಬಿ ಇಸಿದುಕೊಂಡು, ಒಳಗಿನ ಡಾಕ್ಟ್ರಮ್ಮನ ಕಣ್ಣಿಗೆ ಬೀಳದ ಹಾಗೆ ಜಾರಿಕೊಳ್ಳುತ್ತಿದ್ದಳು. ಪರೀಕ್ಷೆಯ ಫಲ ಕೇಳುತ್ತಿರಲಿಲ್ಲ. ಕೇಳಿದರೆ ಹೇಳಿಬಿಡುತ್ತಾರಲ್ಲ! ಹುಲಿ ಇದೆ ಅಂತ ಗೊತ್ತಿದ್ದವರು ಪೊದೆ ಸರಿಸಿ ನೋಡುವುದಿಲ್ಲ.

ಬದಲಿಗೆ ಅವಳು ಎಲ್ಲವನ್ನೂ ಒಪ್ಪ ಮಾಡತೊಡಗಿದಳು. ತಾನು ಹೋದ ಮೇಲೆ ಮಗಳು ಅಂಗಡಿಯ ಬೀಗ ಹಿಡಿದುಕೊಂಡು ಅಲೆಯಬಾರದು. ಪಕ್ಕದ ಹಾಸಿಗೆಯವನು ಜಾಗ ಸಾಲದೆ ಒದ್ದಾಡುತ್ತಿದ್ದ. ಅವನಿಗೆ ಮಾತು ಕೊಟ್ಟಳು, ಮೊಳೆರಾಯನನ್ನು ಕೆಲಸಕ್ಕೆ ಇಟ್ಟುಕೊಳ್ಳಬೇಕು ಅನ್ನುವ ಒಂದೇ ಷರತ್ತಿನ ಮೇಲೆ. "ಮಗಳ ಮನೇಲಿ ಹೋಗಿ ಇರ್ತೀನಿ, ದುಡಿದದ್ದು ಸಾಕು," ಅಂತ ಎಲ್ಲರಿಗೂ ಒಂದೇ ಮಾತು. ಮಗಳಿಗೆ ಸಂತೋಷವಾಯಿತು. ಮೊಳೆರಾಯ ಮಾತ್ರ ಸುದ್ದಿ ಕೇಳಿದಾಗ "ಮ್ಮ್" ಅನ್ನಲೂ ಇಲ್ಲ, "ಮ್ಮ್‌ಮ್ಮ್" ಅನ್ನಲೂ ಇಲ್ಲ.

ಮಾರನೆಯ ದಿನ ಮಾತ್ರೆ ತರುವ ದಿನ. ಔಷಧಿ ಕಿಟಕಿಯ ಮುಂದೆ ನಿಂತು ಡಬ್ಬಿಗೆ ಕೈ ಚಾಚಿದಳು. ಬೆರಳು ಹಿಡಿಯಲಿಲ್ಲ. ಡಬ್ಬಿ ನೆಲಕ್ಕೆ ಬಿದ್ದು ಉರುಳಿಕೊಂಡು ಹೋಗಿ, ಆಗಷ್ಟೇ ಕೋಣೆಯಿಂದ ಹೊರಬಂದ ಡಾಕ್ಟ್ರಮ್ಮನ ಕಾಲಿಗೆ ತಾಗಿ ನಿಂತಿತು.

"ಸಿಕ್ಕಿಬಿದ್ದೆ," ಅಂದರು ಡಾಕ್ಟ್ರಮ್ಮ. "ಎಷ್ಟು ದಿನದಿಂದ ಕದ್ದು ಓಡಾಡ್ತಾ ಇದೀಯ? ನಡಿ ಒಳಗೆ."

"ಅಂಗಡಿ ಬಿಟ್ಟು ಬಂದಿದೀನಿ ಡಾಕ್ಟ್ರಮ್ಮ, ಇನ್ನೊಂದು ದಿನ..."

"ನಡಿ ಅಂದೆ."

ಕುಶನಕ್ಕನನ್ನು ಗದರಿಸುವ ಧೈರ್ಯ ಆ ಊರಲ್ಲಿ ಇದ್ದದ್ದು ಅವರೊಬ್ಬರಿಗೇ. ಅವಳಿಗೆ ಮೊದಲ ಮಾತ್ರೆ ಕೊಟ್ಟಾಗ ಅವರು ಎರಡು ಜಡೆ ಬಿಚ್ಚಿ ಒಂದು ಜಡೆ ಹಾಕಿಕೊಂಡಂತಿದ್ದ ಹೊಸ ಡಾಕ್ಟರು. ಬಾಗಿಲ ಹೊರಗೆ ನಿಲ್ಲದೆ ಒಳಗೆ ಬಂದು, ಮಂಚದ ಮೇಲೆ ಪಕ್ಕದಲ್ಲೇ ಕೂತು ಮಾತಾಡಿದ್ದರು. ಅದನ್ನು ಕುಶನಕ್ಕ ಮರೆತಿರಲಿಲ್ಲ. ಇವತ್ತು ನೋಡಿದರೆ ಆ ತಲೆ ಪೂರ್ತಿ ಬೆಳ್ಳಗಾಗಿತ್ತು.

ಡಾಕ್ಟ್ರಮ್ಮ ಅವಳ ಮಣಿಕಟ್ಟನ್ನು ಬಗ್ಗಿಸಿ ಹಿಡಿದರು, ಬೆರಳಿಂದ ತಟ್ಟಿದರು, ಎಲ್ಲಿ ಜುಂ ಅನ್ನುತ್ತೆ ಅಂತ ಕೇಳಿದರು. ಕಣ್ಣಿಗೆ ಬೆಳಕು ಬಿಟ್ಟು ನೋಡಿದರು. ಮಂಡಿ ಮಡಿಸಿ ಬಿಡಿಸಿದಾಗ ಕಟಕಟ ಅಂತು. ಕುಶನಕ್ಕ ಕಣ್ಣು ಮುಚ್ಚಿಕೊಂಡೇ ಇದ್ದಳು.

"ಹೇಳಿಬಿಡಿ ಡಾಕ್ಟ್ರಮ್ಮ. ನನಗೆ ಗೊತ್ತು. ಅಂಗಡಿ ಕೊಟ್ಟಾಯ್ತು. ಮಗಳ ಹತ್ತಿರ ಹೇಗೆ ಹೇಳೋದು ಅನ್ನೋದೊಂದೇ ಬಾಕಿ."

"ಏನು ಹೇಳೋದು?"

"ಅದು ಎದ್ದಿದೆ ಅಂತ."

ಡಾಕ್ಟ್ರಮ್ಮ ಕಂಪ್ಯೂಟರಿನ ಕಡೆ ಒಮ್ಮೆ, ಅವಳ ಕಡೆ ಒಮ್ಮೆ ನೋಡಿದರು. "ನಿನ್ನ ರಕ್ತದಲ್ಲಿ ವೈರಸ್ಸು ಹುಡುಕಿದ್ರೂ ಸಿಗ್ತಿಲ್ಲ ಕಣೇ. ಹೋದ ಸಲಾನೂ ಸಿಗಲಿಲ್ಲ, ಅದಕ್ಕೆ ಹಿಂದಿನ ಸಲಾನೂ ಸಿಗಲಿಲ್ಲ. ಎಷ್ಟೋ ವರ್ಷದಿಂದ ಸಿಕ್ಕಿಲ್ಲ. ಒಂದು ದಿನ ಮಾತ್ರೆ ತಪ್ಪಿಸಿಲ್ಲ ನೀನು. ಅದು ಮಲಗಿದೆ, ಮಲಗೇ ಇರುತ್ತೆ."

"ಹಾಗಾದ್ರೆ ಈ ಕೈ?"

"ಆಯುಷ್ಯ ಪೂರ್ತಿ ಕತ್ತರಿ ಹಿಡಿದಿದೀಯ. ಮಣಿಕಟ್ಟಲ್ಲಿ ನರ ಒತ್ತಿಕೊಂಡಿದೆ. ಪಟ್ಟಿ ಕಟ್ಟಿಕೊಂಡು ಮಲಗು, ಹಾಗೂ ಕಡಿಮೆ ಆಗದಿದ್ರೆ ಸಣ್ಣ ಆಪರೇಷನ್."

"ಕಣ್ಣು?"

"ಪೊರೆ. ಬೆಳಗ್ಗೆ ಬಂದು ತೆಗೆಸಿಕೊಂಡು ಸಂಜೆ ಮನೆಗೆ ಹೋಗಬಹುದು."

"ಮಂಡಿ?"

"ಸವೆದಿದೆ. ನಂದೂ ಸವೆದಿದೆ. ಏನು ಮಾಡಬೇಕು?"

ಕುಶನಕ್ಕನಿಗೆ ತಲೆ ಬುಡ ತಿಳಿಯಲಿಲ್ಲ. "ಎಲ್ಲಾ ಒಂದೇ ಸಲ ಬಂದಿದೆಯಲ್ಲ? ಇದಕ್ಕೆಲ್ಲ ಒಟ್ಟಿಗೆ ಏನೋ ಒಂದು ಹೆಸರು ಇರಬೇಕು. ಏನು ಈ ಕಾಯಿಲೆ?"

"ಇದಾ? ವಯಸ್ಸು."

"ಯಾರಿಗೆ?"

"ನಿನಗೆ! ಇನ್ಯಾರಿಗೆ, ಈ ಕುರ್ಚಿಗಾ?"

ಕುಶನಕ್ಕನಿಗೆ ಮೊದಲು ಬಂದದ್ದು ಕೋಪ. ಅವಳಿಗೆ ಏನೇ ಬಂದರೂ ಮೊದಲು ಕೋಪವೇ ಬರುವುದು, ಉಳಿದದ್ದು ಅದರ ಹಿಂದೆ. "ವಯಸ್ಸು ಅಂತೆ ವಯಸ್ಸು! ನನಗೆ ಹೇಗೆ ವಯಸ್ಸಾಗುತ್ತೆ?" ಅಂದಳು. ಅನ್ನುತ್ತಿದ್ದ ಹಾಗೇ ತನ್ನ ಮಾತು ತನ್ನ ಕಿವಿಗೇ ಬಿತ್ತು. ವಯಸ್ಸಾಗುವುದು ಬೇರೆಯವರಿಗೆ ಅಂತ ಅವಳು ಎಂದೋ ತೀರ್ಮಾನಿಸಿಬಿಟ್ಟಿದ್ದಳು. ಸೊಂಟ ಬಗ್ಗಿದ ಮುದುಕಿಯರನ್ನು ಬೀದಿಯಲ್ಲಿ ಕಂಡಾಗ, ಹೊಟ್ಟೆಕಿಚ್ಚು ಪಡುವುದಕ್ಕೂ ತನಗೆ ಹಕ್ಕಿಲ್ಲ ಅಂತ ಮುಖ ತಿರುಗಿಸಿ ಬರುತ್ತಿದ್ದಳು.

ಡಾಕ್ಟ್ರಮ್ಮ ನಗುತ್ತಿದ್ದರು. ನಗುತ್ತ ನಗುತ್ತ ಕನ್ನಡಕ ತೆಗೆದು ಸೆರಗಿನಿಂದ ಒರೆಸಿಕೊಂಡರು. "ನಾನು ನಿನಗೆ ಮೊದಲನೇ ಡಬ್ಬಿ ಕೊಟ್ಟ ದಿನ ಮನೆಗೆ ಹೋಗಿ ಅತ್ತಿದ್ದೆ, ಗೊತ್ತಾ? ಈ ಹೆಣ್ಣುಮಗಳು ಎಷ್ಟು ದಿನವೋ, ಆ ಮಗುವಿನ ಗತಿ ಏನೋ ಅಂತ. ಈಗ ನೋಡು. ನೀನೂ ನಾನೂ ಜೊತೆಯಾಗಿ ಮುದುಕಿಯರಾದ್ವಿ. ಈ ಕಾಯಿಲೆ ಇರೋರಿಗೆ ಮೂಳೆ, ಹೃದಯ ಸ್ವಲ್ಪ ಬೇಗ ಸವೆಯುತ್ತೆ. ಅದನ್ನ ನೋಡ್ಕೋಬೇಕು. ಇನ್ಮೇಲೆ ಕಿಟಕಿಯಿಂದ ಓಡಿಹೋಗೋ ಹಾಗಿಲ್ಲ. ಇನ್ನೂ ತುಂಬಾ ದಿನದ ಕೆಲಸ ಇದೆ ನಿನ್ನ ಜೊತೆ."

ಕುಶನಕ್ಕನಿಗೆ ಕೋಪದ ಹಿಂದೆ ಬರುವುದೆಲ್ಲ ಒಂದೇ ಸಲ ಬಂತು. ಡಾಕ್ಟ್ರಮ್ಮನ ಎರಡೂ ಕೈ ಹಿಡಿದುಕೊಂಡಳು. ಹಿಡಿತ ಗಟ್ಟಿಯಾಗಿ ಬರಲಿಲ್ಲ, ಬೆರಳು ಜೋಮು. ಆದರೂ ಬಿಡಲಿಲ್ಲ.

ಹೊರಗೆ ಬಂದ ಮೇಲೆ ಬಸ್ಸು ಹತ್ತಲೇ ಇಲ್ಲ. ಸವೆದ ಮಂಡಿ ಕಟಕಟ ಅನ್ನುವುದನ್ನು ಕೇಳಿಕೊಂಡು ನಡೆದಳು. ಅರ್ಧ ದಾರಿಯಲ್ಲಿ ನೆನಪಾಯಿತು. ಅಂಗಡಿ!

ಬೀದಿಯ ತಿರುವಿನಲ್ಲೇ ಶಬ್ದ ಕೇಳಿಸಿತು. ಒಳಗೆ ಕಾಲಿಟ್ಟರೆ ಕೆಂಪು ಧೂಳು. ಎರಡು ಅಂಗಡಿಗಳ ನಡುವಿನ ಗೋಡೆಯಲ್ಲಿ ಒಬ್ಬ ಮನುಷ್ಯ ಬಗ್ಗಿ ತೂರುವಷ್ಟು ದೊಡ್ಡ ತೂತು. ಆಚೆ ಬದಿಯಿಂದ ಗಾರೆಯವನು ಸುತ್ತಿಗೆ ಎತ್ತಿ ಹಿಡಿದಿದ್ದ. ಈಚೆ ಬದಿಯಲ್ಲಿ ಮೊಳೆರಾಯ ಅರೆಬರೆ ಹೊಲಿದ ಸೀಟುಗಳ ಮೇಲೆಲ್ಲ ಹಳೆ ಬಟ್ಟೆ ಹೊದಿಸಿ, ತಾನೇ ಬೆನ್ನು ಕೊಟ್ಟು ಹೊಲಿಗೆ ಮಿಷನ್ನಿಗೆ ಧೂಳು ಬೀಳದಂತೆ ನಿಂತಿದ್ದ.

"ನಿಲ್ಸೋ!" ಅಂತ ಅವಳು ಕೂಗಿದ ಕೂಗಿಗೆ ಗಾರೆಯವನ ಸುತ್ತಿಗೆ ಮೇಲೆಯೇ ನಿಂತಿತು.

ಹಾಸಿಗೆಯವನು ತೂತಿನಿಂದ ತಲೆ ಹಾಕಿದ. "ಯಾಕಕ್ಕ? ಒಡೆಯೋದಾದ್ರೆ ಬೇಗ ಒಡಿ ಅಂದೋರು ನೀವೇ."

"ಅಂದಿದ್ದೆ. ಈಗ ಬೇಡ ಅಂತೀನಿ. ಅಂಗಡಿ ಕೊಡಲ್ಲ."

ಹಾಸಿಗೆಯವನು ತೂತಿನಲ್ಲಿ ತೂರಿಕೊಂಡು ಈಚೆಗೆ ಬಂದ. ಅವನ ಮುಖವೂ ಕೆಂಪಾಗಿತ್ತು, ಧೂಳಿನಿಂದಲೋ ಏನೋ. "ತಮಾಷೆ ಮಾಡ್ತಿದೀರಾ? ಸ್ಪಂಜು ಕತ್ತರಿಸೋ ಮಿಷನ್ನು ತರಿಸಿದೀನಿ. ನಾಳೆ ಗಾಡಿ ಬರುತ್ತೆ. ಅದನ್ನ ನನ್ನ ತಲೆ ಮೇಲೆ ಇಟ್ಕೊಳ್ಳಲಾ? ನನ್ನ ಮಾತೇ ಪತ್ರ ಅಂದ್ರಿ. ಪತ್ರ ಹರಿದುಹಾಕೋಕೆ ಒಂದು ದಿನ ಸಾಕಾಯ್ತಾ ನಿಮಗೆ?"

ಆ ಮಾತು ಚುರುಕ್ಕೆಂದಿತು. ಅವಳ ಬಗ್ಗೆ ಬೀದಿಯಲ್ಲಿ ಏನು ಬೇಕಾದರೂ ಅನ್ನುತ್ತಿದ್ದರು, ಬಾಯಿಬಡುಕಿ, ಮೆಣಸಿನಕಾಯಿ, ರಾಕ್ಷಸಿ. ಮಾತು ತಪ್ಪುವವಳು ಅಂತ ಯಾರೂ ಅಂದಿರಲಿಲ್ಲ. ಹಾಸಿಗೆಯವನ ಕಡೆ ನ್ಯಾಯ ಇತ್ತು. ಸುಳ್ಳು ಹೇಳಬಹುದಿತ್ತು. ಮಗಳು ಬೇಡ ಅಂದಳು ಅನ್ನಬಹುದಿತ್ತು. ಆದರೆ ಸುಳ್ಳಿನ ಮೇಲೆ ಅಂಗಡಿ ಉಳಿಸಿಕೊಂಡರೆ ಇಷ್ಟು ವರ್ಷ ಹೊತ್ತ ಗುಟ್ಟನ್ನೇ ಇನ್ನೂ ಇಷ್ಟು ವರ್ಷ ಹೊರಬೇಕು. ಮೊದಲಾದರೆ ಪರವಾಗಿಲ್ಲ, ಎಷ್ಟು ದಿನದ ಹೊರೆ ಅನ್ನಬಹುದಿತ್ತು. ಈಗ ದಾರಿ ಉದ್ದ ಇದೆ ಅಂತ ಡಾಕ್ಟ್ರಮ್ಮ ಹೇಳಿಬಿಟ್ಟಿದ್ದರು.

"ಸಾಯ್ತೀನಿ ಅಂದ್ಕೊಂಡು ಕೊಟ್ಟಿದ್ದೆ ಕಣಯ್ಯ," ಅಂದಳು. "ಇವತ್ತು ಹೋಗಿ ಕೇಳಿದ್ರೆ, ಸಾಯಲ್ವಂತೆ."

"ಸಾಯೋದಾ? ಏನಾಗಿದೆ ನಿಮಗೆ?"

"ಎಚ್‌ಐವಿ. ನಮ್ಮ ಯಜಮಾನರಿಗೆ ಇತ್ತು. ಅವರು ಅದರಲ್ಲೇ ಹೋದದ್ದು. ಆವತ್ತಿಂದ ನನಗೂ ಇದೆ."

ಗಾರೆಯವನು ಸುತ್ತಿಗೆಯನ್ನು ಮೆಲ್ಲಗೆ ಕೆಳಗಿಳಿಸಿದ. ಹಾಸಿಗೆಯವನು ಒಂದು ಹೆಜ್ಜೆ ಹಿಂದೆ ಸರಿದ. ಅವನ ಬಲಗೈ, ಅವನಿಗೇ ತಿಳಿಯದ ಹಾಗೆ, ಪ್ಯಾಂಟಿಗೆ ಉಜ್ಜಿಕೊಂಡಿತು. ಕುಶನಕ್ಕನ ಕಣ್ಣು ಎಷ್ಟೇ ಮಂಜಾಗಿದ್ದರೂ ಅದು ಕಾಣಿಸಿತು. ಅಂಥದ್ದು ಕುರುಡರಿಗೂ ಕಾಣುತ್ತದೆ.

ಆಗ ಮೊಳೆರಾಯ ಅಂಗೈಯನ್ನು ಬಾಯಿಗೆ ಹಿಡಿದು ಮೊಳೆಗಳನ್ನೆಲ್ಲ ಉಗುಳಿಕೊಂಡ. ಅವನ್ನು ಡಬ್ಬಕ್ಕೆ ಸುರಿದು, ತುಟಿ ಒರೆಸಿಕೊಂಡು, ಹಾಸಿಗೆಯವನ ಎದುರು ಬಂದು ನಿಂತ.

"ಕೈ ಯಾಕೆ ಒರೆಸ್ಕೋತೀಯ? ನಾನು ಆಕೆ ಪಕ್ಕದಲ್ಲಿ ಕೂತು ಕೆಲಸ ಮಾಡ್ತಾ ಮುದುಕ ಆಗಿದೀನಿ. ನನಗೇನಾಗಿದೆ? ಬೆನ್ನು ನೋವು ಬಿಟ್ರೆ?"

ಹಾಸಿಗೆಯವನಿಗಿಂತ ಹೆಚ್ಚು ಬೆಚ್ಚಿದವಳು ಕುಶನಕ್ಕ. ಮೊಳೆರಾಯ ಒಂದೇ ಉಸಿರಿಗೆ ಅಷ್ಟು ಮಾತಾಡಿದ್ದನ್ನು ಅವಳು ಕೇಳಿಯೇ ಇರಲಿಲ್ಲ.

"ನಿನಗೆ... ಗೊತ್ತಿತ್ತೇನೋ?"

"ಅಣ್ಣ ಹೋಗೋ ಮುಂಚೆ ಹೇಳಿದ್ರು ಅತ್ತಿಗೆ. ಯಾರಿಗೂ ಹೇಳಬೇಡ, ಆಕೇನ ಬಿಟ್ಟು ಹೋಗಬೇಡ ಅಂದ್ರು."

"ಹಾಗಾದ್ರೆ ನನ್ನ ಸೂಜಿ ಮುಟ್ಟಬೇಡ, ಕತ್ತರಿ ಮುಟ್ಟಬೇಡ ಅಂತ ನಾನು ಬೈತಿದ್ದದ್ದು?"

"ನನಗೆ ಚುಚ್ಚಬಾರದು ಅಂತ ಬೈತೀರಿ ಅಂತ ಗೊತ್ತಿತ್ತು."

"ಗೊತ್ತಿದ್ದೂ ಒಂದು ದಿನ ಬಾಯಿ ಬಿಡಲಿಲ್ವಲ್ಲೋ ಮುಂಡೇದೆ!"

"ನೀವು ಬಿಡಲಿಲ್ಲ. ನಾನು ಹೇಗೆ ಬಿಡಲಿ?" ಅಂದ ಮೊಳೆರಾಯ. ಆಮೇಲೆ ಸ್ವಲ್ಪ ಯೋಚಿಸಿ, "ಬೈಗುಳ ಅಭ್ಯಾಸ ಆಗಿತ್ತು. ಬೈಯದೆ ಇದ್ದ ದಿನ ಊಟ ರುಚಿಸ್ತಿರಲಿಲ್ಲ," ಅಂದ.

ಕುಶನಕ್ಕ ಮೇಜಿನ ಅಂಚು ಹಿಡಿದುಕೊಂಡಳು. ಒಬ್ಬಳೇ ಕಾವಲು ಕಾಯುತ್ತಿದ್ದೇನೆ ಅಂದುಕೊಂಡಿದ್ದ ಕೋಟೆಯ ಇನ್ನೊಂದು ಬಾಗಿಲಲ್ಲಿ ಇವನು ಅಷ್ಟೂ ವರ್ಷ ನಿಂತಿದ್ದ, ಬಾಯಿಗೆ ಮೊಳೆ ತುಂಬಿಕೊಂಡು. ಒಂದು ಮಾತಿನ ಬೆಂಬಲ ಇಲ್ಲ ಅಂತ ಎಷ್ಟು ಸಲ ಅವನನ್ನು ಶಪಿಸಿದ್ದಳೋ.

ಹಾಸಿಗೆಯವನು ತೂತಿನಲ್ಲಿ ತೂರಿ ವಾಪಸು ಹೋದ. ಅವನ ಅಂಗಡಿಯ ಬಾಗಿಲು ಎಳೆದ ಸದ್ದು ಕೇಳಿಸಿತು.

ಗಾರೆಯವನು ಇಣುಕಿ ನೋಡಿದ. "ಅಮ್ಮ, ನನಗೊಂದು ಹೇಳಿಬಿಡಿ. ಗೋಡೆ ಒಡೀಲೋ, ಕಟ್ಲೋ?"

"ನಿನ್ನ ಕರೆಸಿದವನನ್ನ ಕೇಳು ಹೋಗು!"

"ಅವರು ಹೋದ್ರು."

"ನೀನೂ ಹೋಗು."

ಅವನು ಹೋದ ಮೇಲೆ ತೂತು ಹಾಗೇ ಉಳಿಯಿತು. ಇಬ್ಬರೂ ಸೇರಿ ಸೀಟುಗಳ ಮೇಲಿನ ಧೂಳು ಕೊಡವಿದರು. ನಾಳೆಯಿಂದ ಬೀದಿಯಲ್ಲಿ ಯಾರು ಬರುತ್ತಾರೆ, ಯಾರು ಬರುವುದಿಲ್ಲ ಅಂತ ಅವಳು ಒಬ್ಬೊಬ್ಬ ಗಿರಾಕಿಯನ್ನೂ ಮನಸ್ಸಿನಲ್ಲೇ ತೂಗಿ ನೋಡುತ್ತಿದ್ದಳು. ಮೊಳೆರಾಯ ಕೇಳಿದ್ದು ಒಂದೇ ಪ್ರಶ್ನೆ. "ಸಾಯಲ್ಲ ಅಂತ ಗಟ್ಟಿಯಾಗಿ ಹೇಳಿದ್ರಾ ಅತ್ತಿಗೆ?" "ವಯಸ್ಸಾಗಿದೆಯಂತೆ ಕಣೋ ನನಗೆ," ಅಂದಳು. ಅವನು "ಅದು ನನಗೆ ಯಾವತ್ತೋ ಗೊತ್ತಿತ್ತು," ಅಂದು ಬೈಸಿಕೊಂಡ.

ಮರುದಿನ ಬೆಳಗ್ಗೆ ಅವಳು ಬಾಗಿಲು ತೆಗೆದಾಗ ತೂತಿನ ಆಚೆ ಒಂದು ಕುರ್ಚಿ ಹಾಕಿಕೊಂಡು ಹಾಸಿಗೆಯವನು ಕೂತಿದ್ದ. ಕಣ್ಣು ಊದಿಕೊಂಡಿತ್ತು.

"ರಾತ್ರಿ ನಿದ್ದೆ ಬರಲಿಲ್ಲ ಅಕ್ಕ."

"ಹಾಸಿಗೆ ಮಾರೋನಿಗೇ ನಿದ್ದೆ ಬರಲಿಲ್ಲ ಅಂದ್ರೆ ಅಂಗಡಿ ಮುಚ್ಚು. ಯಾರು ತಗೋತಾರೆ ನಿನ್ನ ಹಾಸಿಗೆ?"

ಅವನಿಗೆ ನಗು ಬಂತು, ಆದರೆ ನಗಲಿಲ್ಲ. "ನಿಜ ಹೇಳ್ತೀನಿ. ನಿನ್ನೆ ಹೆದರಿಕೆ ಆಯ್ತು. ಮನೆಗೆ ಹೋಗಿ ಸೋಪು ಹಾಕಿ ಕೈ ತೊಳೆದೆ. ಯಾಕೆ ಇಷ್ಟು ಉಜ್ತಿದೀರಿ ಅಂತ ಹೆಂಡತಿ ಕೇಳಿದ್ಲು, ಹೇಳಿದೆ. ನಮ್ಮ ಪಾಪುಗೆ ಮೊದಲನೇ ದಿಂಬು ಹೊಲಿದುಕೊಟ್ಟ ಕೈ ಅದು, ನಾಚಿಕೆ ಆಗಲ್ವಾ ಅಂದ್ಲು. ಆಯ್ತು ಅಕ್ಕ. ನಾಚಿಕೆ ಆಯ್ತು."

"ಹೆದರಿಕೆ?"

ಅವನು ತನ್ನ ಅಂಗೈ ನೋಡಿಕೊಂಡ. "ಒಂಚೂರು ಇದೆ."

"ಇರಲಿ ಬಿಡು. ಸುಳ್ಳು ಹೇಳಿದ್ದಿದ್ರೆ ಈಗಲೇ ತೂತಿಗೆ ಇಟ್ಟಿಗೆ ಇಡಿಸ್ತಿದ್ದೆ. ನನಗೇ ಅದರ ಹೆದರಿಕೆ ನಿನ್ನೆ ತನಕ ಹೋಗಿರಲಿಲ್ಲ, ನಿನಗೆ ಒಂದು ರಾತ್ರೀಲಿ ಹೋಗುತ್ತಾ? ಮಾತು ತಪ್ಪಿದ್ದು ಮಾತ್ರ ನನ್ನದೇ ತಪ್ಪು. ನಿನ್ನ ಮಿಷನ್ನಿಗೆ ಜಾಗ ಬೇಕು ಅಲ್ವಾ?"

"ಅದನ್ನೇ ಕೇಳೋಣ ಅಂತ ಕೂತಿದ್ದೆ. ನಿಮ್ಮ ಹಿಂದಿನ ಮೂಲೆ ಖಾಲಿ ಇದೆ. ತೂತಿನ ಪಕ್ಕದಲ್ಲೇ. ಅಲ್ಲಿ ಇಟ್ಟರೆ ಸ್ಪಂಜನ್ನ ಈ ಕಡೆಯಿಂದ ಆ ಕಡೆಗೆ ದಾಟಿಸಬಹುದು. ಬಾಡಿಗೆ ಎಷ್ಟು ಅಂತ ನೀವೇ ಹೇಳಿ."

"ಬಾಡಿಗೆಗೆ ಬೆಂಕಿ ಹಾಕು. ನನ್ನ ಸ್ಪಂಜೂ ಅದರಲ್ಲೇ ಕತ್ತರಿಸಿಕೊಡು. ಈ ಕೈ ಇನ್ನು ಚಾಕು ಹಿಡಿಯಲ್ಲ ಅಂತಿದೆ."

ಮಧ್ಯಾಹ್ನ ಮಿಷನ್ನು ಬಂತು. ಗಾರೆಯವನು ತೂತಿನ ಅಂಚಿಗೆ ಸಿಮೆಂಟು ಮೆತ್ತಿ, ಚೌಕ ಮಾಡಿ, ಈ ಜನ್ಮದಲ್ಲಿ ಇಂಥ ಕೆಲಸ ಮಾಡಿಲ್ಲ ಅಂತ ಗೊಣಗಿಕೊಂಡು ಹೋದ. ಗಿರಾಕಿಗಳಲ್ಲಿ ಇಬ್ಬರು ಆ ವಾರ ಸೀಟುಗಳನ್ನು ಹೊಲಿಸದೆಯೇ ವಾಪಸು ತೆಗೆದುಕೊಂಡು ಹೋದರು. ಅವರಲ್ಲಿ ಒಬ್ಬ ತಿಂಗಳು ಕಳೆದು ತಲೆ ತಗ್ಗಿಸಿಕೊಂಡು ಬಂದ. ಬೇರೆ ಕಡೆ ಹೊಲಿಸಿದ್ದು ರಸ್ತೆಯ ಮೊದಲ ಗುಂಡಿಗೇ ಬಾಯಿ ಬಿಟ್ಟಿತ್ತು. ಕುಶನಕ್ಕ ಅವನಿಗೆ ಹೊಟ್ಟೆ ತುಂಬ ಬೈದು ಹೊಲಿದುಕೊಟ್ಟಳು. ಇನ್ನೊಬ್ಬ ಬರಲೇ ಇಲ್ಲ.

ಕಣ್ಣಿನ ಪೊರೆ ತೆಗೆಸಲು ಮಗಳು ರಜ ಹಾಕಿ ಬಂದಿದ್ದಳು. ಅಂಗಡಿ ಬಿಡುವುದಿಲ್ಲ ಅಂತ ಕೇಳಿ ಮುಖ ಊದಿಸಿಕೊಂಡಿದ್ದವಳು, ಅಮ್ಮ ಅಷ್ಟು ದಿನ ಏನಂದುಕೊಂಡು ಎಲ್ಲ ಒಪ್ಪ ಮಾಡುತ್ತಿದ್ದಳು ಅನ್ನುವುದು ತಿಳಿದ ಮೇಲೆ ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತು ಬಿಕ್ಕಿ ಬಿಕ್ಕಿ ಅತ್ತಳು. "ನನಗೆ ಒಂದು ಮಾತು ಹೇಳಬಾರದಿತ್ತಾ ಅಮ್ಮ?" "ಹೇಳಿದ್ರೆ ನೀನು ಡಾಕ್ಟ್ರ ಹತ್ತಿರ ಎಳ್ಕೊಂಡು ಹೋಗ್ತಿದ್ದೆ." "ಹೋಗಿದ್ರೆ ಏನಾಗ್ತಿತ್ತು?" "ಬೇಗ ಗೊತ್ತಾಗ್ತಿತ್ತು," ಅಂದಳು ಕುಶನಕ್ಕ, ಮತ್ತು ತನ್ನ ದಡ್ಡತನಕ್ಕೆ ತಾನೇ ನಕ್ಕಳು. ಮಗಳೂ ಅಳುತ್ತಲೇ ನಕ್ಕಳು.

ಕಣ್ಣಿನ ಪಟ್ಟಿ ಬಿಚ್ಚಿ ಅಂಗಡಿಗೆ ಬಂದ ದಿನ ಎಲ್ಲದರ ಬಣ್ಣ ಬೇರೆಯಾಗಿತ್ತು. ನೀಲಿ ರೆಕ್ಸಿನ್ನು ಇಷ್ಟು ನೀಲಿ ಅಂತ ಮರೆತೇಹೋಗಿತ್ತು. ಮೊಳೆರಾಯನ ಕಡೆ ತಿರುಗಿದವಳು ಹೌಹಾರಿದಳು. "ಅಯ್ಯೋ, ಇದೇನೋ! ಮುಖದ ತುಂಬ ಗೆರೆ! ಯಾವಾಗ ಇಷ್ಟು ಮುದುಕ ಆದೆ?" ಅವನು ಗೋಡೆಯ ಕನ್ನಡಿಯ ಕಡೆ ಬೆರಳು ತೋರಿಸಿದ. ಅವಳು ಹೋಗಿ ಕನ್ನಡಿಯ ಮುಂದೆ ನಿಂತಳು. ಹಣೆಯ ಗೆರೆ, ಕೆನ್ನೆಯ ಗೆರೆ, ಕುತ್ತಿಗೆಯ ಜೋಲು ಚರ್ಮ ಎಲ್ಲವನ್ನೂ ಅವಸರವಿಲ್ಲದೆ, ಒಳ್ಳೆಯ ಬಟ್ಟೆಯ ನೇಯ್ಗೆ ನೋಡುವ ಹಾಗೆ ನೋಡಿದಳು.

ಆ ಸಂಜೆ ಒಂದು ಮಿನಿ ಬಸ್ಸಿನ ಹಿಂದಿನ ಸಾಲಿನ ಉದ್ದ ಸೀಟು ಮುಗಿಯಿತು. ಅದನ್ನು ಇಬ್ಬರೂ ಹೊತ್ತು ತಂದು ಅಂಗಡಿಯ ಮುಂದಿನ ಫುಟ್‌ಪಾತಿನ ಮೇಲೆ ಇಟ್ಟರು. ಯಾವ ಸೀಟನ್ನಾದರೂ ಕೊಡುವ ಮೊದಲು ಒಮ್ಮೆ ಕೂತು ನೋಡುವುದು ಅವಳ ಪದ್ಧತಿ. ಕೂತಳು. ಸ್ಪಂಜು ಸರಿಯಾಗಿ ತಗ್ಗಿ ಸರಿಯಾಗಿ ಹಿಡಿಯಿತು. ಏಳಲು ಹೋದರೆ ಮಂಡಿ ಒಪ್ಪಲಿಲ್ಲ.

"ಕೈ ಕೊಡೋ," ಅಂದಳು.

ಮೊಳೆರಾಯ ಕೈ ಕೊಟ್ಟ. ಅವನು ಎಳೆದ, ಅವಳು ಎದ್ದಳು ಅನ್ನುವಷ್ಟರಲ್ಲಿ ಅವನ ಬೆನ್ನು ಹಿಡಿದುಕೊಂಡಿತು. ಅವಳು ಕೂತಲ್ಲೇ ಕೂತಳು, ಅವನೂ ಸೊಂಟದ ಮೇಲೆ ಕೈಯಿಟ್ಟುಕೊಂಡು ಪಕ್ಕದಲ್ಲಿ ಕುಸಿದ. ಗೋಡೆಯ ಚೌಕದೊಳಗಿಂದ ಹಾಸಿಗೆಯವನು "ಬರಲಾ ಅಕ್ಕ?" ಅಂತ ಕೂಗಿದ.

"ಬೇಡ, ಇರಲಿ," ಅಂದಳು.

ಸಂಜೆಯ ಬಿಸಿಲು ಬೀದಿಗೆ ಅಡ್ಡ ಬಿದ್ದಿತ್ತು. ಬಸ್ಸಿಲ್ಲದ ಬಸ್ಸಿನ ಸೀಟಿನ ಮೇಲೆ, ಗಾಡಿ ಹೊರಟಿದೆ ಅನ್ನುವ ಹಾಗೆ ಮುಂದಕ್ಕೆ ನೋಡುತ್ತ, ಇಬ್ಬರೂ ಕೂತಿದ್ದರು. ಜನ ಅವರನ್ನು ಬಳಸಿಕೊಂಡು ಹೋಗುತ್ತಿದ್ದರು.